ಒಂದು ಸಾಲಿನ ಕಾಮೆಂಟ್

ಇವತ್ತು ಕೋಡ್ ಜೊತೆ ವಿವರಣೆಗೆಂದು ಬರೆದಿದ್ದ ಒಂದೇ ಸಾಲಿನ ಕಾಮೆಂಟ್ ನನ್ನ ಎರಡು ಗಂಟೆ ತಿಂದುಹಾಕಿತು. ಫಂಕ್ಷನ್ ಮೇಲೆ ‘ಟೈಮ್‌ಔಟ್ ಸೆಕೆಂಡುಗಳಲ್ಲಿ ಕೊಡಿ’ ಅಂತ, ಅಂದರೆ ಎಷ್ಟು ಹೊತ್ತು ಕಾಯಬೇಕು ಹೇಳಿ ಅಂತ, ಬರೆದಿತ್ತು. ನಂಬಿ 30 ಕೊಟ್ಟೆ. ಪ್ರತಿ ಸಲವೂ ಕನೆಕ್ಷನ್ ತಕ್ಷಣ ಕಡಿದುಹೋಗುತ್ತಿತ್ತು. ಕೊನೆಗೆ ಕೋಡ್ ಒಳಗೆ ಇಳಿದು ನೋಡಿದರೆ ಅದು ಎಣಿಸುತ್ತಿದ್ದದ್ದು ಮಿಲಿಸೆಕೆಂಡು! ಯಾವಾಗಲೋ ಕೋಡ್ ಬದಲಾಗಿದೆ, ಮೇಲಿನ ಸಾಲು ಮಾತ್ರ ಹಾಗೇ ಉಳಿದಿದೆ.

ಕೋಡ್‌ಗೆ ವಿರುದ್ಧವಾದ ಕಾಮೆಂಟ್‌ಗಿಂತ ಕಾಮೆಂಟ್ ಇಲ್ಲದಿರುವುದೇ ವಾಸಿ ಅಂತ ಪೈಥಾನ್ ಭಾಷೆಯ ಕೋಡ್ ಶೈಲಿಯ ಕೈಪಿಡಿ ಪೆಪ್ 8 ನೇರವಾಗಿಯೇ ಹೇಳುತ್ತದೆ. ಅದು ಎಷ್ಟು ನಿಜ ಅಂತ ಇವತ್ತು ಗೊತ್ತಾಯಿತು.

ಸಂಜೆ ಟೀಮ್ ಜೊತೆ ಕೂತು, ಫಂಕ್ಷನ್‌ಗಳ ವಿವರಣೆ ಹೇಗೆ ಬರೆಯಬೇಕು ಅಂತ ಮಾತಾಡಿದೆವು. ಜಾವಾ ಭಾಷೆಯಿಂದ ಬಂದವರಿಗೆ ‘ಹೆಸರನ್ನು ಕೊಡುತ್ತದೆ’ ಅಂತ ಬರೆದು ಅಭ್ಯಾಸ. ಪೈಥಾನ್‌ನವರಿಗೆ ಇಂಥ ವಿವರಣೆಗಳ ಕೈಪಿಡಿ ಪೆಪ್ 257 ಹೇಳುವ ಹಾಗೆ ‘ಹೆಸರನ್ನು ಕೊಡು’ ಅಂತ, ಆಜ್ಞೆಯ ರೂಪದಲ್ಲಿ. ಗೋ ಭಾಷೆ ಬಲ್ಲವರು ಫಂಕ್ಷನ್ ಹೆಸರಿನಿಂದಲೇ ವಾಕ್ಯ ಶುರು ಮಾಡುತ್ತಾರೆ. ಎಲ್ಲವೂ ಸರಿಯೇ. ನಮ್ಮದು ಪೈಥಾನ್ ಪ್ರಾಜೆಕ್ಟ್, ಹಾಗಾಗಿ ಪೆಪ್ 257 ಅಂತ ಬೇಗ ಒಪ್ಪಿಕೊಂಡೆವು.

ಜಾಸ್ತಿ ಹೊತ್ತು ಹಿಡಿದದ್ದು ಏನು ಬರೆಯಬೇಕು ಅನ್ನೋದು. ‘ಎಣಿಕೆಗೆ 1 ಕೂಡಿಸು’ ಅನ್ನೋದು ಕೋಡ್‌ನಲ್ಲೇ ಕಾಣುತ್ತೆ, ಅಲ್ವಾ? ಯಾಕೆ ಕೂಡಿಸಿದೆವು ಅನ್ನೋದು ಕಾಣಲ್ಲ. ಅದನ್ನೇ ಬರೆಯೋಣ ಅಂದೆ. ಕೋಡ್ ಬದಲಿಸಿದವರೇ ಅದೇ ಕಮಿಟ್‌ನಲ್ಲಿ, ಅಂದರೆ ಬದಲಾವಣೆಯನ್ನು ದಾಖಲಿಸುವಾಗಲೇ, ಕಾಮೆಂಟನ್ನೂ ತಿದ್ದಬೇಕು, ಇಲ್ಲದಿದ್ದರೆ ಟೀಮ್‌ನವರು ಕೋಡ್ ನೋಡುವ ರಿವ್ಯೂ ಪಾಸ್ ಆಗಬಾರದು ಅಂತ ಪಟ್ಟು ಹಿಡಿದೆ. ಎಲ್ಲರೂ ಒಪ್ಪಿದರು, ತುಂಬಾ ಖುಷಿಯಾಯಿತು.

ಆ ಹಳೇ ಸಾಲನ್ನು ನಾನೇ ತಿದ್ದಿದೆ. ವೇರಿಯಬಲ್ ಹೆಸರಿನ ಕೊನೆಗೆ ಮಿಲಿಸೆಕೆಂಡು ಅಂತ ತಿಳಿಯಲು ‘ಎಂಎಸ್’ ಅಂತಲೂ ಸೇರಿಸಿ ಈಗಷ್ಟೇ ರಿವ್ಯೂಗೆ ಕಳಿಸಿದೆ.