ಅತಿ ಹಳೆಯ ಸುವಾರ್ತೆ ಪ್ರತಿ ಕ್ರಿ.ಶ. 125ರದ್ದೇ?

ಬೈಬಲ್ಲಿನ ಹಳೆಯ ಹಸ್ತಪ್ರತಿಗಳ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ: "ಯೋಹಾನನ ಸುವಾರ್ತೆಯ ಒಂದು ತುಣುಕು ಕ್ರಿ.ಶ. 125ರದ್ದಂತೆ, ಹೌದಾ?" ಕೆಲವರು ಇನ್ನೂ ಮುಂದೆ ಹೋಗಿ "ಮೊದಲನೇ ಶತಮಾನದ್ದೇ ಸಿಕ್ಕಿದೆಯಂತಲ್ಲ" ಅನ್ನುತ್ತಾರೆ. ತುಣುಕು ಇರುವುದು ನಿಜ. 125 ಅನ್ನುವ ಅಂಕಿ ಗಟ್ಟಿಯಲ್ಲ. ಮೊದಲನೇ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಸುವಾರ್ತೆಯ ಪ್ರತಿ ಒಂದೂ ಇಲ್ಲ.

ಇಲ್ಲಿ ಚರ್ಚೆ ಪ್ರತಿ ಬರೆದ ಕಾಲದ್ದು, ಸುವಾರ್ತೆ ರಚನೆಯಾದ ಕಾಲದ್ದಲ್ಲ. ಮಾರ್ಕನ ಸುವಾರ್ತೆ ಸುಮಾರು 70ರ ಆಸುಪಾಸಿನದು, ಯೋಹಾನನದು ಮೊದಲನೇ ಶತಮಾನದ ಕೊನೆ ಎಂದು ಬಹುತೇಕ ವಿದ್ವಾಂಸರು ಹೇಳುವುದು ಬೇರೆ ಆಧಾರಗಳ ಮೇಲೆ. ಇವೆರಡನ್ನು ಕಲಸಿಕೊಂಡರೆ ಜಗಳ ಮುಗಿಯುವುದೇ ಇಲ್ಲ.

ತುಣುಕಿನ ಹೆಸರು ಪಿ-52. ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿದೆ. ಎತ್ತರ 8.9 ಸೆಂ.ಮೀ., ಅಗಲ 6 ಸೆಂ.ಮೀ.; ಎಟಿಎಂ ಕಾರ್ಡಿಗಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಮುಂಬದಿಯಲ್ಲಿ ಏಳು ಸಾಲು, ಹಿಂಬದಿಯಲ್ಲಿ ಏಳು ಸಾಲು, ಒಂದೂ ಪೂರ್ತಿ ಇಲ್ಲ. ರೋಮನ್ ಅಧಿಕಾರಿ ಪಿಲಾತ ಯೇಸುವನ್ನು ವಿಚಾರಿಸುವ ಭಾಗ: ಯೋಹಾನ 18ನೇ ಅಧ್ಯಾಯದ 31ರಿಂದ 33, ಹಿಂದೆ 37 ಮತ್ತು 38. ಹಿಂಬದಿಯಲ್ಲಿ "ಅವನಿಗೆ ಹೇಳುತ್ತಾನೆ" ಎಂಬ ಎರಡು ಪದ ಉಳಿದಿವೆ. ಅದರ ಬೆನ್ನಿಗೇ ಬರಬೇಕಾದ ಪಿಲಾತನ ಪ್ರಸಿದ್ಧ ಪ್ರಶ್ನೆ, "ಸತ್ಯ ಎಂದರೇನು?", ಹರಿದುಹೋದ ಕಡೆ ಬಿದ್ದಿದೆ. ಎರಡೂ ಬದಿಯಲ್ಲಿ ಒಂದೇ ಗ್ರಂಥ ಮುಂದುವರಿದಿರುವುದರಿಂದ ಇದು ಸುರುಳಿಯಲ್ಲ, ಹಾಳೆ ಮಡಚಿ ಹೊಲಿದ ಪುಸ್ತಕದ್ದು. ನಡುವೆ ಬಿಟ್ಟುಹೋದ ಪಾಠವನ್ನು ಅಳೆದರೆ ಪುಟಕ್ಕೆ ಸುಮಾರು 18 ಸಾಲು ಇದ್ದಿರಬೇಕು.

ಹಳೆಯ ಹಸ್ತಪ್ರತಿಗಳ ವಿದ್ವಾಂಸ ಬರ್ನಾರ್ಡ್ ಗ್ರೆನ್‌ಫೆಲ್ ಇದನ್ನು 1920ರಲ್ಲಿ ಈಜಿಪ್ಟಿನಲ್ಲಿ ಕೊಂಡರು. ಅಗೆದು ತೆಗೆದದ್ದಲ್ಲ, ಕೊಂಡದ್ದು. ಹಾಗಾಗಿ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬ ಸುಳಿವು ಮೊದಲೇ ಕೈತಪ್ಪಿತು. ಇನ್ನೊಬ್ಬ ವಿದ್ವಾಂಸ ಕಾಲಿನ್ ರಾಬರ್ಟ್ಸ್ ಅದನ್ನು ಗುರುತಿಸಿ 1935ರಲ್ಲಿ ಪ್ರಕಟಿಸಿದಾಗ ಅವರ ಕೈಲಿದ್ದ ಸಾಧನ ಅಕ್ಷರಗಳು ಮಾತ್ರ. "ಎರಡನೇ ಶತಮಾನದ ಮೊದಲರ್ಧ" ಎಂದರು. 125 ಅನ್ನುವುದು ಆ ಅವಧಿಯನ್ನು ಒಂದೇ ಅಂಕಿಗೆ ಇಳಿಸಿ ಹೇಳುವ ರೂಢಿ.

ಅಕ್ಷರ ನೋಡಿ ಕಾಲ ಹೇಳುವುದು ಹೀಗೆ. ಈಜಿಪ್ಟಿನ ತೆರಿಗೆ ರಸೀದಿ, ಕರಾರು, ಅರ್ಜಿಗಳಲ್ಲಿ "ಇಂಥ ಚಕ್ರವರ್ತಿಯ ಇಷ್ಟನೇ ವರ್ಷ" ಎಂದು ಬರೆದಿರುತ್ತದೆ. ಗ್ರಂಥದ ಪ್ರತಿಗಳಲ್ಲಿ ಇರುವುದಿಲ್ಲ. ಆದ್ದರಿಂದ ತೇದಿಯುಳ್ಳ ಕಾಗದಗಳನ್ನು ಪಕ್ಕಕ್ಕಿಟ್ಟು ಅಕ್ಷರಗಳ ತಿರುವು, ಕೊಂಡಿ, ಸಾಲಿನ ಮೇಲೆ ಕೂರುವ ಬಗೆಯನ್ನು ಹೋಲಿಸುತ್ತಾರೆ. ರಾಬರ್ಟ್ಸ್ ಹಿಡಿದ ಹೋಲಿಕೆಗಳಲ್ಲೊಂದು ಈಜಿಪ್ಟಿನ ಫಯೂಮಿನ ನಿವೃತ್ತ ಸೈನಿಕ ಗೆಮೆಲ್ಲಸ್ ಕ್ರಿ.ಶ. 94ರಲ್ಲಿ ಬರೆಸಿದ ಪತ್ರ. ಅದರಲ್ಲಿರುವುದು ಗೊಬ್ಬರ, ಎಣ್ಣೆಗಾಣದ ಸುತ್ತ ತೋಡಬೇಕಾದ ಅಗಳು, ಇಂಥ ಜಮೀನಿನ ಕೆಲಸ. ಕನ್ನಡದವರಿಗೆ ಈ ಕಷ್ಟ ಹೊಸದಲ್ಲ. ಬಾದಾಮಿಯ ಮಂಗಳೇಶನ ಗುಹಾಶಾಸನದಲ್ಲಿ ಶಕ 500 ಎಂದಿದೆ, ತಕರಾರಿಲ್ಲ. ಹಲ್ಮಿಡಿಯಲ್ಲಿ ವರ್ಷವಿಲ್ಲ, ಅದಕ್ಕೇ ಚರ್ಚೆ ನಿಂತಿಲ್ಲ.

ತೊಂದರೆ ಎಲ್ಲಿ? ಒಬ್ಬ ಲಿಪಿಕಾರ ಇಪ್ಪತ್ತಕ್ಕೆ ಕಲಿತ ಕೈಬರಹವನ್ನೇ ಅರವತ್ತರಲ್ಲೂ ಬರೆಯುತ್ತಾನೆ, ಶಿಷ್ಯನಿಗೂ ಅದನ್ನೇ ಕಲಿಸುತ್ತಾನೆ. ಪುಸ್ತಕದ ಬರಹಕ್ಕೆ ಕಡಿಮೆಯೆಂದರೂ 50 ವರ್ಷದ ಅಂತರ ಬಿಡಬೇಕು ಎಂದು ಲಿಪಿತಜ್ಞ ಎರಿಕ್ ಟರ್ನರ್ ಹೇಳಿದ್ದರು. ಇಪ್ಪತ್ತೈದು ವರ್ಷದ ಕಿಂಡಿಯಲ್ಲಿ ಒಂದು ತುಣುಕನ್ನು ತೂರಿಸುವವರನ್ನು ನಂಬಬೇಡಿ.

ಇದಕ್ಕಿಂತ ದೊಡ್ಡ ಎಡವಟ್ಟು, ತೇದಿಯಿಲ್ಲದ ಒಂದನ್ನು ತೇದಿಯಿಲ್ಲದ ಇನ್ನೊಂದಕ್ಕೆ ಕಟ್ಟುವುದು. ರಾಬರ್ಟ್ಸ್ ತೋರಿಸಿದ ಬಹಳ ಹತ್ತಿರದ ಹೋಲಿಕೆ ಎಗರ್ಟನ್ 2 ಎಂಬ ಬೇರೊಂದು, ಹೆಸರು ಗೊತ್ತಿಲ್ಲದ ಸುವಾರ್ತೆಯ ತುಣುಕು. ಆಗ ಅದಕ್ಕೆ ಸುಮಾರು 150 ಎಂದು ಕಾಲ ಕೊಟ್ಟಿದ್ದರು. 1987ರಲ್ಲಿ ಅದೇ ಪುಸ್ತಕದ ಇನ್ನೊಂದು ಚೂರು ಜರ್ಮನಿಯ ಕಲೋನ್ ಸಂಗ್ರಹದಿಂದ ಪ್ರಕಟವಾಯಿತು. ಅದರಲ್ಲಿ ಗಾಮಾ ಮತ್ತು ಕಾಪ್ಪಾ ಎಂಬ ಗ್ರೀಕ್ ಅಕ್ಷರಗಳ ನಡುವೆ ಒಂದು ಸಣ್ಣ ಕೊಕ್ಕೆ ಗುರುತು. ಎರಡು ವ್ಯಂಜನಗಳ ನಡುವೆ ಈ ಗುರುತು ಹಾಕುವುದು ಹೆಚ್ಚಾಗಿ ಮೂರನೇ ಶತಮಾನದಿಂದ ಕಾಣುವ ಅಭ್ಯಾಸ. ಎಗರ್ಟನ್ ಸುಮಾರು 200ಕ್ಕೆ ಜಾರಿತು. ಅದಕ್ಕೆ ಆತುಕೊಂಡಿದ್ದ ಪಿ-52ರ ಕಾಲವೂ ಸಡಿಲವಾಯಿತು. 2005ರಲ್ಲಿ ವಿದ್ವಾಂಸ ಬ್ರೆಂಟ್ ನೋಂಗ್‌ಬ್ರಿ ತೇದಿಯುಳ್ಳ ಕಾಗದಗಳನ್ನೇ ಮುಂದಿಟ್ಟು, ಎರಡನೇ ಶತಮಾನದ ಕೊನೆ, ಮೂರರ ಆರಂಭವನ್ನೂ ತಳ್ಳಿಹಾಕಲಾಗದು ಎಂದು ವಾದಿಸಿದರು. 2012ರಲ್ಲಿ ಓರ್ಸಿನಿ ಮತ್ತು ಕ್ಲಾರಿಸ್ಸೆ ಎಂಬ ಇಬ್ಬರು ವಿದ್ವಾಂಸರು 125ರಿಂದ 175 ಎಂದರು. ನೋಂಗ್‌ಬ್ರಿಯವರ ಅಗಲವಾದ ಅವಧಿಯೇ ನನಗೆ ಪ್ರಾಮಾಣಿಕ ಅನಿಸುತ್ತದೆ. ಅವರೂ "ಇದು ತಡವಾದದ್ದೇ" ಅಂದಿಲ್ಲ, ಗಮನಿಸಿ.

"ಕಾರ್ಬನ್ ಪರೀಕ್ಷೆ ಮಾಡಿದರೆ ಆಯ್ತಲ್ಲ?" ಮಾದರಿಗೆ ತೆಗೆದ ಚೂರು ಸುಟ್ಟು ಹೋಗುತ್ತದೆ, ಸಿಗುವ ಉತ್ತರವೂ ಹಲವು ವೇಳೆ ನೂರು ವರ್ಷಕ್ಕಿಂತ ಅಗಲ. ಅದಕ್ಕಿಂತ ಮುಖ್ಯ, ಅದು ಹೇಳುವುದು ಹಾಳೆ ಮಾಡಲು ಬಳಸಿದ ಪಪೈರಸ್ ಎಂಬ ಜೊಂಡು ಗಿಡ ಕಡಿದ ಕಾಲ, ಬರೆದ ಕಾಲವಲ್ಲ. 2012ರಲ್ಲಿ ಸದ್ದು ಮಾಡಿದ "ಯೇಸುವಿನ ಹೆಂಡತಿಯ ಸುವಾರ್ತೆ" ತುಣುಕಿನ ಪಪೈರಸ್ ನಿಜಕ್ಕೂ ಹಳೆಯದೇ, ಬರಹ ಮಾತ್ರ ಇತ್ತೀಚಿನ ಖೋಟಾ.

ಮೊದಲನೇ ಶತಮಾನದ ಸುದ್ದಿ ಬಂದದ್ದು ಮಾರ್ಕನ ತುಣುಕಿನಿಂದ. 2012ರ ಒಂದು ಸಾರ್ವಜನಿಕ ವಾದದಲ್ಲಿ ಬೈಬಲ್ ವಿದ್ವಾಂಸ ಡೇನಿಯಲ್ ವಾಲೆಸ್ ಅದನ್ನು ಹೇಳಿದರು, ಮಾತು ಜಗತ್ತು ಸುತ್ತಿತು. 2018ರಲ್ಲಿ ಅದು ಪಿ-137 ಎಂದು ಪ್ರಕಟವಾದಾಗ ಸಂಪಾದಕರು ಕೊಟ್ಟ ಕಾಲ ಎರಡನೇ ಶತಮಾನದ ಕೊನೆ ಅಥವಾ ಮೂರರ ಆರಂಭ. ಮೃತ ಸಮುದ್ರದ ಬಳಿಯ ಕುಮ್ರಾನಿನ 7ನೇ ಗುಹೆಯ ಐದನೇ ತುಣುಕು ಮಾರ್ಕನದೆಂದು 1972ರಲ್ಲಿ ಹೇಳಿದ್ದೂ ನಿಲ್ಲಲಿಲ್ಲ. ಅದರಲ್ಲಿ ಪೂರ್ತಿ ಓದಲಾಗುವ ಪದ "ಮತ್ತು" ಒಂದೇ.

ಅಕ್ಷರ ನಂಬದೆ ಕಾಲ ಹೇಳಬಹುದಾದ ಒಂದು ಪ್ರತಿಯಿದೆ. ಸಿರಿಯಾದ ದೂರಾ ಯೂರೋಪೋಸ್ ಕೋಟೆಯೂರಿನವರು ಪರ್ಷಿಯನ್ನರ ಮುತ್ತಿಗೆಗೆ ಹೆದರಿ ಗೋಡೆಯ ಒಳಬದಿಗೆ ಮಣ್ಣು, ಕಸ ತುಂಬಿ ದಿಬ್ಬ ಕಟ್ಟಿದರು. 1933ರಲ್ಲಿ ಆ ದಿಬ್ಬದಲ್ಲಿ ನಾಲ್ಕು ಸುವಾರ್ತೆಗಳನ್ನು ಹೆಣೆದ ಪಾಠವಿರುವ ಒಂದು ಚರ್ಮಪತ್ರದ ತುಂಡು ಸಿಕ್ಕಿತು. ಊರು ಬಿದ್ದದ್ದು ಸುಮಾರು 256ರಲ್ಲಿ. ಬರೆದದ್ದು ಅದಕ್ಕೆ ಮೊದಲು. ಎಷ್ಟು ಮೊದಲು ಎಂದು ಕೇಳಿದರೆ ಮತ್ತೆ ಅಕ್ಷರ ನೋಡಬೇಕು.