ಕ್ಲೋರೆಲ್ಲಾ ಕಾಲಮ್‌ಗೆ ಕಾರ್ಬನ್ ಡೈಆಕ್ಸೈಡ್: ಆರನೇ ವಾರದವರೆಗೆ

ಇಂಧನದ ಎಣ್ಣೆಗೆಂದು ಕ್ಲೋರೆಲ್ಲಾ ಎಂಬ ಹಸಿರು ಪಾಚಿಯನ್ನು ಬೆಳೆಸುವ ಕಾಲಮ್ (ನೀರು ತುಂಬಿದ ನಿಲುವು ಕೊಳವೆ) 20 ಲೀಟರಿನದು, ಬೆಳಕು ದಿನಕ್ಕೆ 12 ಗಂಟೆ. ಮೊದಲ ಎರಡು ವಾರ ಬರೀ ಗಾಳಿ. ಅದರಲ್ಲಿ ಪಾಚಿಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಇರುವುದೇ ಶೇ. 0.04ರಷ್ಟು. ಪಾಚಿ ಅದನ್ನು ಹೀರಿದಂತೆ ನೀರಿನ ಆಮ್ಲೀಯತೆ ತಗ್ಗಿ, ಮಧ್ಯಾಹ್ನದ ಹೊತ್ತಿಗೆ ಪಿಎಚ್ 10ರ ಹತ್ತಿರ ಏರಿ ಬೆಳವಣಿಗೆ ಕುಂಟುತ್ತಿತ್ತು.

ಬಾಟಲಿಯಲ್ಲಿ ಯೀಸ್ಟಿನಿಂದ ಸಕ್ಕರೆ ಹುದುಗಿಸಿ ಈ ಅನಿಲ ಪಡೆಯುವ ಯೋಚನೆ ಕಾಗದದ ಮೇಲೇ ಬಿದ್ದುಹೋಯಿತು. ಒಣ ಪಾಚಿಯ ತೂಕದಲ್ಲಿ ಅರ್ಧದಷ್ಟು ಇಂಗಾಲ, ಹಾಗಾಗಿ ಕೆಜಿ ಪಾಚಿಗೆ ಸುಮಾರು 1.8 ಕೆಜಿ ಅನಿಲ ಬೇಕು. ಕೆಜಿ ಸಕ್ಕರೆ ಪೂರ್ತಿ ಹುದುಗಿದರೂ ಸಿಗುವುದು ಅರ್ಧ ಕೆಜಿ. ಮೂರೂವರೆ ಕೆಜಿ ಸಕ್ಕರೆ ಸುರಿದು ಒಂದು ಕೆಜಿ ಪಾಚಿ! ಇಂಧನವೇ ಬೇಕಿದ್ದರೆ ಬಾಟಲಿಯಲ್ಲಿ ಉಳಿಯುವ ಎಥನಾಲ್ ಸಾಕಲ್ಲ.

ಮೂರನೇ ವಾರ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಂತು. ದಿನಕ್ಕೆ 3 ಗ್ರಾಂ ಒಣ ಪಾಚಿಯ ಬೆಳೆಗೆ 5.5 ಗ್ರಾಂ, ಅಂದರೆ 3 ಲೀಟರ್ ಅನಿಲ. ಅರ್ಧಕ್ಕಿಂತ ಹೆಚ್ಚು ಕರಗದೇ ಹಾರಿಹೋಗುತ್ತದೆಂದು ಹಿಡಿದು, ನಿಮಿಷಕ್ಕೆ 1 ಲೀಟರ್ ಗಾಳಿಗೆ 10 ಮಿಲಿಲೀಟರ್ ಅನಿಲ ಬೆರೆಸಿದ್ದಾಯಿತು. ಸಾಲು ಹೀಗೆ: ಒತ್ತಡ ತಗ್ಗಿಸುವ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಹರಿವನ್ನು ಸಣ್ಣಗೆ ಹೊಂದಿಸುವ ನೀಡಲ್ ವಾಲ್ವ್, ಹಿಂದಕ್ಕೆ ಹರಿಯಗೊಡದ ಚೆಕ್ ವಾಲ್ವ್, ಗಾಳಿಯ ಪೈಪಿಗೆ ಸೇರಿಸುವ ಟೀ ಜೋಡಣೆ. ಸಿಲಿಕೋನ್ ಪೈಪಿನ ಗೋಡೆಯಲ್ಲೇ ಅನಿಲ ಸೋರುತ್ತದೆ, ಪಾಲಿಯುರೆಥೇನ್ ಹಾಕಿ. ರೆಗ್ಯುಲೇಟರ್ ಎರಡು ಹಂತದ್ದೇ ಇರಲಿ. ಒಂದೇ ಹಂತದ್ದಾದರೆ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಹೊರಗಿನ ಒತ್ತಡ ತಾನಾಗಿ ಏರಿ ಅನಿಲ ನುಗ್ಗುತ್ತದೆ. ಕೋಣೆಯ ಅಲಾರಂ ನೆಲದ ಹತ್ತಿರ, ಏಕೆಂದರೆ ಇದು ಗಾಳಿಗಿಂತ ಭಾರ.

ಪಿಎಚ್ ನೋಡಿ ಸೊಲೆನಾಯ್ಡ್ ನಡೆಸುವುದು ಕಂಟ್ರೋಲರ್ (ಅನಿಲ ಕರಗಿದರೆ ಪಿಎಚ್ ಇಳಿಯುತ್ತದೆ): 8.0ಕ್ಕೆ ತೆರೆ, 7.7ಕ್ಕೆ ಮುಚ್ಚು. ಲೀಟರಿಗೆ 0.4 ಗ್ರಾಂ ಅಡುಗೆ ಸೋಡಾ ಹಾಕಿದ ಮೇಲೆಯೇ ಪಿಎಚ್‌ನ ಓಲಾಟ ತಗ್ಗಿದ್ದು.

ನಾಲ್ಕನೇ ವಾರದ ಒಗಟು: ಸಿಲಿಂಡರ್ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಸೋರಿಕೆ ಹುಡುಕಲು ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆಯೂ ಇಲ್ಲ. ಕಳ್ಳ ರಾತ್ರಿಯವನು. ಕತ್ತಲಲ್ಲಿ ಪಂಪಿನ ಗಾಳಿ ನೀರಿನಲ್ಲಿ ಕರಗಿದ ಅನಿಲವನ್ನು ಹೊರದೂಡಿ ಪಿಎಚ್ ಏರಿಸುತ್ತದೆ, ಕಂಟ್ರೋಲರ್ ಅದನ್ನೇ ಪಾಚಿಯ ಹಸಿವೆಂದುಕೊಂಡು ವಾಲ್ವ್ ತೆರೆಯುತ್ತದೆ. ಸೊಲೆನಾಯ್ಡನ್ನು ದೀಪದ ಟೈಮರಿಗೇ ಕಟ್ಟಿದ ಮೇಲೆ ಸರಿಹೋಯಿತು.

ಐದನೇ ವಾರ ಸಾರಜನಕಕ್ಕೆ ಅಮೋನಿಯಂ ಉಪ್ಪು ಹಾಕಿದ್ದು ತಪ್ಪು. ಅದನ್ನು ಹೀರುವಾಗ ಪಾಚಿ ಆಮ್ಲ ಬಿಡುತ್ತದೆ. ಪಿಎಚ್ ಕೆಳಗೇ ಉಳಿದು ವಾಲ್ವ್ ತೆರೆಯಲೇ ಇಲ್ಲ, ಪಾಚಿ ಇಂಗಾಲವಿಲ್ಲದೆ ಸೊರಗಿತು. ಮತ್ತೆ ನೈಟ್ರೇಟ್.

ಪಿಎಚ್ ಪ್ರೋಬಿನ ಮೇಲೆ ಹಸಿರು ಪೊರೆ ಕಟ್ಟುತ್ತದೆ. ವಾರಕ್ಕೊಮ್ಮೆ ತೊಳೆದು ಪಿಎಚ್ 7 ಮತ್ತು 10ರ ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣದಲ್ಲಿ) ಹೊಂದಿಸಬೇಕು.

ಮುಂದೆ, ಏಳನೇ ವಾರ, ನೈಟ್ರೇಟ್ ನಿಲ್ಲಿಸಿ ಪಾಚಿಯೊಳಗೆ ಎಣ್ಣೆ ಕಟ್ಟಿಸುವ ಹಂತ. ಬೆಳವಣಿಗೆ ತಗ್ಗುವುದರಿಂದ ನೀಡಲ್ ವಾಲ್ವ್ ನಿಮಿಷಕ್ಕೆ 5 ಮಿಲಿಲೀಟರಿಗೆ.