ಅಪ್ಪ ಎನ್ನಲು ಐದು ಫ್ರೇಮು

ಎರಡು ನಿಮಿಷದ ಮಕ್ಕಳ ಕಾರ್ಟೂನು. ಬಾಗಿಲಲ್ಲಿ ನಿಂತ ಪುಟ್ಟ ಹುಡುಗಿ "ಅಮ್ಮ, ಅಪ್ಪ ಇನ್ನೂ ಬಂದಿಲ್ಲವಾ?" ಎಂದು ಕೇಳಬೇಕು, ಅಷ್ಟೇ. ಧ್ವನಿ ನನ್ನ ಏಳು ವರ್ಷದ ಮಗಳದು. ಫ್ಯಾನ್ ಆರಿಸಿ, ಇಬ್ಬರೂ ಒಂದೇ ಕಂಬಳಿ ಹೊದ್ದು ಕುಳಿತು ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದು. ಚಿತ್ರಗಳನ್ನು ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ 'ಗ್ರೀಸ್ ಪೆನ್ಸಿಲ್' ಎಂಬ ಚಿತ್ರ ಬರೆಯುವ ಸಾಧನದಲ್ಲಿ ಬರೆದಿದ್ದೆ. ಬಾಯಿ ಆಡಿಸುವುದಕ್ಕೆ ಬೇರೊಂದು ತಂತ್ರಾಂಶ. ಧ್ವನಿಯ ಕಡತವನ್ನು ಅದಕ್ಕೆ ಒಪ್ಪಿಸಿದರೆ ಯಾವ ಫ್ರೇಮಿಗೆ, ಅಂದರೆ ತೆರೆಯ ಮೇಲೆ ಸರಿಯುವ ಯಾವ ಬಿಡಿ ಚೌಕಟ್ಟಿಗೆ, ಯಾವ ಬಾಯಿ ಎಂದು ತಾನೇ ಕೂರಿಸಿಬಿಡುತ್ತದೆ. ಶನಿವಾರ ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿಯಿತೆಂದು ಕಾಲು ಚಾಚಿದೆ.

ಮಗಳು ಒಂದು ಸಲ ನೋಡಿ, "ಧ್ವನಿ ನನ್ನದೇ. ಆದರೆ ಇವಳು ಬೇರೇನೋ ಹೇಳುತ್ತಿದ್ದಾಳೆ ಅಪ್ಪಾ. ಡಬ್ಬಿಂಗಾ?" ಎಂದಳು.

ಡಬ್ ಆದ ಕಾರ್ಟೂನುಗಳನ್ನೇ ನೋಡಿ ಬೆಳೆಯುತ್ತಿರುವ ಮಗು. ಬಾಯಿ ಒಂದು ಭಾಷೆಯದು, ಮಾತು ಇನ್ನೊಂದರದು ಎಂಬುದು ಅವಳಿಗೆ ತಪ್ಪಲ್ಲ, ಒಂದು ಬಗೆ. ನನಗೆ ಮಾತ್ರ ಮುಖಕ್ಕೆ ಹೊಡೆದಂತಾಯಿತು. ಕನ್ನಡದಲ್ಲೇ ಹುಟ್ಟಿದ ಹುಡುಗಿಯನ್ನು ನಾನೇ ಡಬ್ ಮಾಡಿ ಕೂಡಿಸಿದ್ದೆ.

ಫ್ರೇಮು ಫ್ರೇಮಾಗಿ ಸರಿಸುತ್ತ ನೋಡಿದೆ. ಸೆಕೆಂಡಿಗೆ 24 ಫ್ರೇಮು. "ಅಪ್ಪ"ದಲ್ಲಿ ತುಟಿ ಮುಚ್ಚಿದ್ದು ಎರಡೇ ಫ್ರೇಮು. ಅಲ್ಲಿ ಸಿಕ್ಕಿಬಿದ್ದಿತು ಕಳ್ಳ. ತಂತ್ರಾಂಶವನ್ನು ಇಂಗ್ಲಿಷಿಗೆಂದು ಕಟ್ಟಿದ್ದಾರೆ. 'ಹ್ಯಾಪಿ' ಎಂಬುದಕ್ಕೆ ಇಂಗ್ಲಿಷಿನವರು ಎರಡು 'ಪಿ' ಬರೆದರೂ ಬಾಯಲ್ಲಿ ಬರುವುದು ಒಂದೇ. ನಮ್ಮ ಒತ್ತಕ್ಷರ ಹಾಗಲ್ಲ, ಬರೆದಷ್ಟೂ ನುಡಿಯಬೇಕು. ಅನಿಮೇಷನ್ ತರಬೇತಿಯಲ್ಲಿ ನನಗೆ ಕೊಟ್ಟಿದ್ದ ಬಾಯಿಯ ಆಕಾರಗಳ ಪಟ್ಟಿಯೂ ಇಂಗ್ಲಿಷ್ ಅಕ್ಷರಗಳದ್ದೇ. ಒತ್ತಕ್ಷರದ ಸುದ್ದಿಯನ್ನು ಅಲ್ಲಿ ಯಾರೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಶೇವಿಂಗ್ ಕನ್ನಡಿಯನ್ನು ಕೀಬೋರ್ಡಿಗೆ ಒರಗಿಸಿಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ "ಅಪ್ಪ, ಅಪ್ಪ" ಎನ್ನುತ್ತಾ ಕುಳಿತೆ. ಹೆಂಡತಿ ಎರಡು ಸಲ ಬಂದು ನೋಡಿ ಏನೂ ಕೇಳದೆ ಹೋದಳು. ಧ್ವನಿಯ ಅಲೆಯಲ್ಲಿ "ಪ್ಪ"ದ ಜಾಗ ನೆಲದಂತೆ ಸಪಾಟು: ತುಟಿ ಬಿಗಿದಿದೆ, ಸದ್ದಿಲ್ಲ, ಆಮೇಲೆ ಒಮ್ಮೆಲೇ ಸಿಡಿತ. ಎಣಿಸಿದರೆ ಐದು ಫ್ರೇಮು. "ಮ್ಮ"ದಲ್ಲೂ ತುಟಿ ಅಷ್ಟೇ ಹೊತ್ತು ಮುಚ್ಚಿರುತ್ತದೆ, ಆದರೆ ಮೂಗಿನಿಂದ ಗುನುಗು ಹೊರಡುತ್ತಿರುವುದರಿಂದ ಅಲೆ ಮಲಗುವುದಿಲ್ಲ. ಹಾಗಾಗಿ "ಪ್ಪ"ಕ್ಕೆ ಕೆನ್ನೆಯನ್ನು ಕೂದಲೆಳೆಯಷ್ಟು ಉಬ್ಬಿಸಿದೆ, "ಮ್ಮ"ಕ್ಕೆ ಉಬ್ಬಿಸಲಿಲ್ಲ. "ಬಂದಿಲ್ಲವಾ"ದ "ಲ್ಲ"ಕ್ಕೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ತಡೆದು ನಿಲ್ಲಿಸಿದೆ. ಮಾತಿನಲ್ಲಿ "ಳ" ಇಲ್ಲದ್ದು ನನ್ನ ಪುಣ್ಯ. ನಾಲಿಗೆ ಒಳಗೆ ಮಡಚಿಕೊಳ್ಳುವುದನ್ನು ಹೊರಗಿನಿಂದ ತೋರಿಸುವುದಾದರೂ ಹೇಗೆ?

ಹುಡುಗಿಯ ಮೈಗೆ ಎರಡು ಫ್ರೇಮಿಗೊಂದು ಚಿತ್ರ ಸಾಕಾಗಿತ್ತು. ಬಾಯಿಗೆ ಸಾಲಲಿಲ್ಲ, ಪ್ರತಿ ಫ್ರೇಮಿಗೂ ಬರೆಯಬೇಕಾಯಿತು. ಕೊನೆಗೆ ಬಾಯಿಯ ಚಿತ್ರಗಳಿದ್ದ ಇಡೀ ಪದರವನ್ನು ಧ್ವನಿಗಿಂತ ಒಂದು ಫ್ರೇಮು ಮುಂಚೆ ಸರಿಸಿದೆ. ಸದ್ದು ಹೊರಡುವ ಮೊದಲೇ ಬಾಯಿ ಸಿದ್ಧವಾಗಿರಬೇಕೆಂಬ ಈ ಪಾಠ ಮಾತ್ರ ತರಬೇತಿಯಲ್ಲಿ ಸಿಕ್ಕಿದ್ದು.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗಳನ್ನು ಹಾಗೆಯೇ ಕರೆದು ತಂದು ತೋರಿಸಿದೆ. ಬಾಯಲ್ಲಿ ನೊರೆ ತುಂಬಿಕೊಂಡೇ ನೋಡಿದಳು. ಬಾಯಿಯ ವಿಷಯ ಎತ್ತಲೇ ಇಲ್ಲ.

"ಅವಳ ಅಪ್ಪ ಎಲ್ಲಿಗೆ ಹೋಗಿದ್ದಾರೆ?" ಎಂದಳು.